19ನೇ ಗೇಟು ಕೊಚ್ಚಿಹೋದ ರಾತ್ರಿ: ಡ್ಯಾಮಿನ ಕೆಳಗಿನ ಊರುಗಳ ಲೆಕ್ಕ

2024ರ ಆಗಸ್ಟ್ 10, ಶನಿವಾರ. ರಾತ್ರಿ 11ರ ಸುಮಾರಿಗೆ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ (ಡ್ಯಾಮಿನ ಮೇಲ್ಭಾಗದಲ್ಲಿ ನೀರು ತಡೆದು ಹಿಡಿಯುವ ಬಾಗಿಲು) ಚೈನ್ ಲಿಂಕ್ ತುಂಡಾಯಿತು. ಗೇಟು ಕಿತ್ತುಕೊಂಡು ನೀರಿನ ಜೊತೆ ಹೋಯಿತು. ಆಗ ಡ್ಯಾಂ ಹೆಚ್ಚುಕಡಿಮೆ ಭರ್ತಿಯಾಗಿತ್ತು. 2023ರಲ್ಲಿ ಬರ ಬಿದ್ದು, ಎರಡನೇ ಬೆಳೆಗೆ ನೀರಿಲ್ಲದೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳು ಒಣಗಿ ಕೂತಿದ್ದವು. ಈ ವರ್ಷವಾದರೂ ಡ್ಯಾಂ ತುಂಬಿತಲ್ಲ ಎಂದು ರೈತರು ನಿಟ್ಟುಸಿರು ಬಿಟ್ಟ ಹೊತ್ತಿಗೇ ಹೀಗಾಯಿತು.

ಒಂದು ವಾರದೊಳಗೆ ಆ ಕಿಂಡಿಯನ್ನು ಮುಚ್ಚಿದರು. ಯಾರ ಜೀವವೂ ಹೋಗಲಿಲ್ಲ. ಆಮೇಲೆ ಮಳೆ ಬಂತು, ಡ್ಯಾಂ ಮತ್ತೆ ತುಂಬಿತು, ಸೆಪ್ಟೆಂಬರಿನಲ್ಲಿ ಬಾಗಿನವನ್ನೂ ಅರ್ಪಿಸಿದರು. ಹಾಗಾಗಿ ಬಹಳ ಜನರ ಮನಸ್ಸಿನಲ್ಲಿ ಇದು ಸುಖಾಂತವಾದ ಕಥೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗೇಟು ಮುಚ್ಚಿದವರ ಕೌಶಲಕ್ಕೆ ಕೈ ಮುಗಿಯುತ್ತೇನೆ. ಆದರೆ ಕೌಶಲದ ಜೊತೆಗೆ ನಮ್ಮನ್ನು ಕಾಪಾಡಿದ್ದು ಅದೃಷ್ಟ. ಯಾವುದು ಕೌಶಲ, ಯಾವುದು ಅದೃಷ್ಟ ಎಂದು ಬಿಡಿಸಿ ನೋಡದೆ ಹೋದರೆ, ಮುಂದಿನ ಸಲ ಹೊಳೆ ಬಂದಾಗ ನಾವು ಇದ್ದಲ್ಲೇ ಇರುತ್ತೇವೆ.

ಆ ವಾರ ಡ್ಯಾಮಿನ ಮೇಲೆ

ಡ್ಯಾಮಿಗೆ 33 ಕ್ರೆಸ್ಟ್ ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಗೇಟುಗಳು ನಿಂತಿರುವ ಕಟ್ಟೆಯ ಮಟ್ಟ 1,613 ಅಡಿ. ಅಂದರೆ ಮೇಲಿನ 20 ಅಡಿ ನೀರನ್ನು ಹಿಡಿದಿರುವುದು ಈ ಗೇಟುಗಳೇ. ಪೂರ್ತಿ ತುಂಬಿದಾಗ ಒಂದು ಗೇಟಿನ ಮೇಲೆ ಬೀಳುವ ಒತ್ತಡ ಲೆಕ್ಕ ಹಾಕಿದರೆ ಸುಮಾರು 340 ಟನ್ ಆಗುತ್ತದೆ. 1953ರ ಕಾಲದ ಡ್ಯಾಂ ಇದು. ಗೇಟುಗಳನ್ನು ಎತ್ತಿ ಇಳಿಸುವುದು ಚೈನು ಮತ್ತು ಎದುರು ತೂಕದ ಹಳೆಯ ವ್ಯವಸ್ಥೆ.

ಒಂದು ವಿಷಯ ಆ ದಿನಗಳಲ್ಲಿ ಸರಿಯಾಗಿ ಜನರಿಗೆ ಮುಟ್ಟಲಿಲ್ಲ. 33 ಗೇಟುಗಳೂ ಸೇರಿ ಹೊರಬಿಡಬಹುದಾದ ನೀರು ಸುಮಾರು ಆರೂವರೆ ಲಕ್ಷ ಕ್ಯುಸೆಕ್ (ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು). ಹಾಗೆ ನೋಡಿದರೆ ಒಂದು ಗೇಟಿನ ಪಾಲು 20 ಸಾವಿರ ಕ್ಯುಸೆಕ್ ಆಸುಪಾಸು. ತುಂಗಭದ್ರೆಗೆ ಅದೇನೂ ದೊಡ್ಡ ಪ್ರವಾಹವಲ್ಲ. ನಿಜವಾದ ತೊಂದರೆ ಬೇರೆಯೇ ಇತ್ತು. ಗೇಟು ಹೋದ ಕಿಂಡಿಯನ್ನು ಮುಚ್ಚದೇ ಇದ್ದರೆ ನೀರು ಹಗಲು ರಾತ್ರಿ ಹೋಗುತ್ತಲೇ ಇರುತ್ತದೆ. ಉಳಿದ ಗೇಟುಗಳ ಗತಿ ಏನು ಎಂಬ ಭಯವೂ ಇತ್ತು. ಅದಕ್ಕೇ ಉಳಿದ ಗೇಟುಗಳನ್ನೂ ಎತ್ತಿದರು. ಹೊರಹರಿವು ಒಂದು ಲಕ್ಷ ಕ್ಯುಸೆಕ್ ಮುಟ್ಟಿತು. ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಹರಿದರೆ 8.6 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕೆಳಗಿನ ಊರುಗಳವರು ಮರುದಿನ ಕಂಡ ಹೊಳೆ, ಮುರಿದ ಗೇಟಿನಿಂದ ಬಂದದ್ದಕ್ಕಿಂತ ಜಾಸ್ತಿ, ತಜ್ಞರು ಲೆಕ್ಕ ಹಾಕಿ ಬಿಟ್ಟ ನೀರು. ಈ ವ್ಯತ್ಯಾಸ ಬಹಳ ಮುಖ್ಯ. ಬೇಕೆಂದು ಬಿಡುವ ನೀರಿಗೆ ಮೊದಲೇ ಎಚ್ಚರಿಕೆ ಕೊಡಲು ಸಾಧ್ಯ. ತಾನೇ ಒಡೆದು ಬರುವ ನೀರಿಗೆ ಆ ಸಮಯ ಸಿಗುವುದಿಲ್ಲ.

ಮೊದಲ ಯೋಜನೆ ಕೇಳಿ ಎದೆ ಒಡೆಯಿತು. ನೀರಿನ ಮಟ್ಟ 1,613 ಅಡಿಗೆ ಇಳಿಯುವವರೆಗೆ, ಅಂದರೆ 60 ಟಿಎಂಸಿಯಷ್ಟು ಖಾಲಿ ಮಾಡಿ, ಆಮೇಲೆ ಹೊಸ ಗೇಟು ಕೂರಿಸುವುದು. 105.788 ಟಿಎಂಸಿ ಹಿಡಿಯುವ ಡ್ಯಾಂ ಇದು. ಅರ್ಧಕ್ಕಿಂತ ಹೆಚ್ಚು ನೀರು ಹೊಳೆಗೆ ಹೋಗುವ ಮಾತು. ಅಷ್ಟರಲ್ಲಿ ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದರು. ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸೋಣ ಎಂದರು. 20 ಅಡಿ ಎತ್ತರದ ಗೇಟಿನ ಬದಲಿಗೆ ನಾಲ್ಕು ನಾಲ್ಕು ಅಡಿಯ ಐದು ಉಕ್ಕಿನ ತುಂಡುಗಳು. ಒಂದರ ಮೇಲೊಂದು ಕೂರಿಸುವುದು. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ, ಹೊಸಪೇಟೆಯ ಎಂಜಿನಿಯರಿಂಗ್ ವರ್ಕ್‌ಶಾಪುಗಳಲ್ಲಿ ಹಗಲು ರಾತ್ರಿ ವೆಲ್ಡಿಂಗ್ ನಡೆಯಿತು. ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು. 17ರ ರಾತ್ರಿಯ ಹೊತ್ತಿಗೆ ಐದೂ ಕೂತವು. ಜಲಾಶಯದಲ್ಲಿ ಅಂದಾಜು 70 ಟಿಎಂಸಿ ಉಳಿಯಿತು. ಹರಿಯುವ ನೀರಿನ ಮೇಲೆ ಕ್ರೇನಿನಲ್ಲಿ ತೂಗಾಡುವ ಉಕ್ಕಿನ ಹಲಗೆ ಹಿಡಿದು ನಿಂತ ಆ ಕಾರ್ಮಿಕರ ಧೈರ್ಯವನ್ನು ಈ ಹೊಳೆ ದಂಡೆಯ ಜಿಲ್ಲೆಗಳು ಮರೆಯಬಾರದು.

ಈಗ ಅದೃಷ್ಟದ ಲೆಕ್ಕಕ್ಕೆ ಬರೋಣ. ಸ್ಟಾಪ್‌ಲಾಗ್ ಎನ್ನುವುದು ಅನೇಕ ಡ್ಯಾಮುಗಳಲ್ಲಿ ಮೊದಲೇ ಇರುವ ವಸ್ತು. ಗೇಟು ರಿಪೇರಿಗೆ ಬಂದಾಗ ಅದನ್ನು ಇಳಿಸಿ ಕೆಲಸ ಮಾಡುತ್ತಾರೆ. ನಮ್ಮ ಡ್ಯಾಮಿನಲ್ಲಿ ಅದು ಸಿದ್ಧ ಇರಲಿಲ್ಲ. ಅಳತೆ ತೆಗೆದು, ಡ್ರಾಯಿಂಗ್ ಮಾಡಿ, ಉಕ್ಕು ಕೊಯ್ದು, ಲಾರಿಯಲ್ಲಿ ತರಬೇಕಾಯಿತು. 30 ಕಿ.ಮೀ. ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆ ಇದ್ದದ್ದು, ಕೈ ಪಳಗಿದ ಫ್ಯಾಬ್ರಿಕೇಟರುಗಳು ಹೊಸಪೇಟೆಯಲ್ಲೇ ಇದ್ದದ್ದು, ಆ ವಾರ ಮೇಲಿನಿಂದ ಭಾರಿ ಒಳಹರಿವು ಬಾರದೆ ಇದ್ದದ್ದು, ಗೇಟು ಹೋದಾಗ ಹೊಳೆ ಮೊದಲೇ ಉಕ್ಕಿ ಹರಿಯುತ್ತಿರದೇ ಇದ್ದದ್ದು, ಇವೆಲ್ಲ ನಮ್ಮ ತಯಾರಿ ಅಲ್ಲ. ಹಾಗೆಯೇ ಕೂಡಿ ಬಂದವು.

ಹುಲಿಗಿಯಿಂದ ಕಂಪ್ಲಿಯವರೆಗೆ

ಡ್ಯಾಮಿನ ಸುದ್ದಿ ಟಿವಿಯಲ್ಲಿ ವಾರವಿಡೀ ಬಂತು. ಕೆಳಗಿನ ಊರುಗಳ ಸುದ್ದಿ ಅಷ್ಟು ಬರಲಿಲ್ಲ. ನನಗೆ ಜಾಸ್ತಿ ಕಾಡುವುದು ಈ ಭಾಗವೇ.

ಡ್ಯಾಮಿನ ಎಡಕ್ಕೆ ಮುನಿರಾಬಾದ್, ಕೊಪ್ಪಳ ಜಿಲ್ಲೆ. ಬಲಕ್ಕೆ ಹೊಸಪೇಟೆ, 2021ರಿಂದ ವಿಜಯನಗರ ಜಿಲ್ಲೆ. ಸ್ವಲ್ಪ ಕೆಳಗೆ ಬಂದರೆ ಕಂಪ್ಲಿ, ಸಿರುಗುಪ್ಪ, ಇವು ಬಳ್ಳಾರಿ ಜಿಲ್ಲೆ. ಇನ್ನೂ ಕೆಳಗೆ ಸಿಂಧನೂರು, ಮಾನ್ವಿ, ರಾಯಚೂರು ತಾಲೂಕುಗಳು. ಆಚೆ ದಡ ಆಂಧ್ರದ ಕರ್ನೂಲು ಕಡೆಗೆ ಸೇರುತ್ತದೆ. ಡ್ಯಾಂ ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ, ಅದರಲ್ಲಿ ಕೇಂದ್ರ ಮತ್ತು ಮೂರು ರಾಜ್ಯಗಳ ಪಾಲು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇರುತ್ತದೆ. ಅಂದರೆ ಒಂದೇ ಹೊಳೆಯ ಸುದ್ದಿ ಮಂಡಳಿಯಿಂದ ಹಲವು ಜಿಲ್ಲಾ ಕಂಟ್ರೋಲ್ ರೂಮುಗಳಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಪಿಡಿಒಗೆ, ಗ್ರಾಮ ಆಡಳಿತಾಧಿಕಾರಿಗೆ, ಅಲ್ಲಿಂದ ಡಂಗುರ ಸಾರುವವನಿಗೆ ಇಳಿಯಬೇಕು. ಇಷ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ನೀರು ಎಲ್ಲಿಗೆ ಮುಟ್ಟಿರುತ್ತದೆ? ಕಂಪ್ಲಿಗಾದರೆ ಅದು ಕೆಲವೇ ಗಂಟೆಗಳ ಮಾತು. ರಾಯಚೂರು ತಾಲೂಕಿನ ತುದಿಗೆ ಇನ್ನಷ್ಟು ಹೊತ್ತು ಸಿಗುತ್ತದೆ. ಡ್ಯಾಮಿನ ಬುಡದಲ್ಲಿರುವ ಹುಲಿಗಿಗೆ ಆ ಸಮಯವೇ ಇಲ್ಲ.

ಹುಲಿಗಿಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಹುಲಿಗೆಮ್ಮನ ಗುಡಿ ಹೊಳೆ ದಂಡೆಯಲ್ಲೇ ಇದೆ. ಮಂಗಳವಾರ, ಶುಕ್ರವಾರ ಜನ ಸೇರುತ್ತಾರೆ. ಹುಣ್ಣಿಮೆ ಬಂದರಂತೂ ಕಾಲಿಡಲು ಜಾಗ ಇರುವುದಿಲ್ಲ. ಹೊಳೆಯಲ್ಲಿ ಸ್ನಾನ ಮಾಡಿಯೇ ಗುಡಿಗೆ ಹೋಗುವವರು ಬಹಳ. ಗೇಟು ಹೋದದ್ದು ಶನಿವಾರ, ರಾತ್ರಿ ಹೊತ್ತು. ಅದೇ ಆಗಸ್ಟ್ 19ಕ್ಕೆ ನೂಲು ಹುಣ್ಣಿಮೆ ಇತ್ತು. ಒಂಬತ್ತು ದಿನ ತಡವಾಗಿ, ಬೆಳಿಗ್ಗೆ ಏಳು ಗಂಟೆಗೆ ಆ ಚೈನು ತುಂಡಾಗಿದ್ದರೆ? ಈ ಪ್ರಶ್ನೆಗೆ ಉತ್ತರ ಗುಡಿಯ ಆಡಳಿತದ ಬಳಿ, ಪೊಲೀಸರ ಬಳಿ, ಮಂಡಳಿಯ ಬಳಿ ಒಂದೇ ರೀತಿ ಇರಬೇಕು. ಯಾರು ಸೈರನ್ ಒತ್ತುತ್ತಾರೆ, ಸ್ನಾನಘಟ್ಟದಲ್ಲಿ ಮೈಕ್ ಯಾರ ಕೈಯಲ್ಲಿ, ಜನ ಯಾವ ದಿಕ್ಕಿಗೆ ಏರಬೇಕು. ಇದನ್ನು ಕಾಗದದಲ್ಲಿ ಬರೆದರೆ ಸಾಲದು. ಹುಣ್ಣಿಮೆಗೆ ಮೊದಲು ಒಂದು ಸಲ ಮಾಡಿ ನೋಡಬೇಕು.

ಅಲ್ಲಿಂದ ಕೆಳಗೆ ಸಾಣಾಪುರ, ಆನೆಗೊಂದಿ, ಹಂಪಿಯ ಎದುರಿನ ನಡುಗಡ್ಡೆಯಾದ ವಿರುಪಾಪುರ ಗಡ್ಡೆ. ಇಲ್ಲಿ ಹೊರಗಿನ ಜನ ಜಾಸ್ತಿ. ಅವರಿಗೆ ಹೊಳೆಯ ಗುಣ ಗೊತ್ತಿಲ್ಲ, ಕನ್ನಡದ ಡಂಗುರ ಅರ್ಥವಾಗುವುದಿಲ್ಲ. 2019ರ ಆಗಸ್ಟಿನಲ್ಲಿ ವಿರುಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ವಿದೇಶಿಯರೂ ಇದ್ದರು. ಹೆಲಿಕಾಪ್ಟರ್, ಬೋಟು ತಂದು ಅವರನ್ನು ಹೊರತರಬೇಕಾಯಿತು. ಆ ಹೊಳೆಯೇನೂ ಇದ್ದಕ್ಕಿದ್ದಂತೆ ಬಂದದ್ದಲ್ಲ. ಡ್ಯಾಮಿನಿಂದ ಎಷ್ಟು ಬಿಡುತ್ತಿದ್ದಾರೆ ಎಂಬುದು ಗೊತ್ತಿದ್ದೇ ಬಂತು. ಸುದ್ದಿ ಇತ್ತು. ಸುದ್ದಿ ಕೇಳಿ ಗಡ್ಡೆ ಬಿಟ್ಟು ಎದ್ದು ಬರುವುದು ತಡವಾಯಿತು, ಅಷ್ಟೇ.

ಇಲ್ಲೇ ನಮ್ಮ ಕಡೆಯ ದೊಡ್ಡ ಕೊರತೆ ಇದೆ ಎಂದು ನನ್ನ ಅಭಿಪ್ರಾಯ. ಎಚ್ಚರಿಕೆಯನ್ನು ಕ್ಯುಸೆಕ್‌ನಲ್ಲಿ ಕೊಡುತ್ತಾರೆ. "ಒಂದು ಲಕ್ಷ ಕ್ಯುಸೆಕ್ ಬಿಡಲಾಗುವುದು, ನದಿಪಾತ್ರದ ಜನ ಎಚ್ಚರದಿಂದಿರಬೇಕು." ದಂಡೆಯಲ್ಲಿ ಮೋಟಾರ್ ಕಾಯುತ್ತಾ ಮಲಗಿರುವ ರೈತನಿಗೆ ಇದರಿಂದ ಏನು ತಿಳಿಯುತ್ತದೆ? ಅವನಿಗೆ ಬೇಕಾದ್ದು ಬೇರೆ. ನನ್ನ ಪಂಪ್‌ಸೆಟ್ ಮುಳುಗುತ್ತದೋ ಇಲ್ಲವೋ, ಎಷ್ಟು ಹೊತ್ತಿಗೆ. ಹಳೇ ಮಂದಿಗೆ ಇದು ಗೊತ್ತು. ಆನೆಗೊಂದಿಯವರು ನವವೃಂದಾವನ ನೋಡಿ ಹೇಳುತ್ತಾರೆ. ಹಂಪಿಯವರು ಪುರಂದರ ಮಂಟಪದ ಕಂಬ ನೋಡಿ ಹೇಳುತ್ತಾರೆ. ಕಂಪ್ಲಿಯವರಿಗೆ ಗಂಗಾವತಿ ಸೇತುವೆಯೇ ಅಳತೆಗೋಲು. ಹೊರಹರಿವು ಸುಮಾರು ಒಂದೂವರೆ ಲಕ್ಷ ಕ್ಯುಸೆಕ್ ದಾಟಿತೆಂದರೆ ಆ ಸೇತುವೆಯ ಮೇಲೆ ಓಡಾಟ ಬಂದ್. ಈ ಗುರುತುಗಳನ್ನೇ ಸರ್ಕಾರಿ ಎಚ್ಚರಿಕೆಯ ಭಾಷೆ ಮಾಡಿಕೊಂಡರೆ ಏನು ಕಷ್ಟ? "ಇಂದು ರಾತ್ರಿ ಹತ್ತರ ಹೊತ್ತಿಗೆ ಪುರಂದರ ಮಂಟಪ ಮುಳುಗುವಷ್ಟು ನೀರು ಬರುತ್ತದೆ" ಎಂದರೆ ಕುರಿ ಕಾಯುವ ಹುಡುಗನಿಗೂ ಅರ್ಥವಾಗುತ್ತದೆ, ಅಲ್ವಾ? ಪ್ರತಿ ಊರಿನಲ್ಲೂ ಒಂದು ಲಕ್ಷಕ್ಕೆ ಎಲ್ಲಿ, ಎರಡು ಲಕ್ಷಕ್ಕೆ ಎಲ್ಲಿ, ಮೂರು ಲಕ್ಷಕ್ಕೆ ಎಲ್ಲಿ ಎಂದು ಗುಡಿಯ ಗೋಡೆಗೋ ಲೈಟಿನ ಕಂಬಕ್ಕೋ ಬಣ್ಣದ ಪಟ್ಟಿ ಬಳಿದರೆ ಅದಕ್ಕೆ ಬೇಕಾಗುವುದು ಒಂದು ಡಬ್ಬಿ ಪೇಂಟು ಮತ್ತು ಊರಿನ ಹಿರಿಯರ ನೆನಪು.

ಫೋನಿನ ದಾರಿಯೂ ಈಗ ಇದೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಎಲ್ಲರ ಮೊಬೈಲುಗಳೂ ಒಮ್ಮೆಲೇ ಜೋರಾಗಿ ಕೂಗಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಒಂದು ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ನಂಬರ್ ಬೇಕಿಲ್ಲದೆ ಸಂದೇಶ ಹೋಗುತ್ತದೆ. ಹೊಳೆ ದಂಡೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೂ ಸೈರನ್, ಗುಡಿ ಮಸೀದಿಗಳ ಮೈಕು, ಟಂಟಂ ಮೇಲೆ ಕೂತು ಸಾರುವ ಮನುಷ್ಯ, ಇವರನ್ನು ಬಿಡಬಾರದು. ದಂಡೆಯಲ್ಲಿ ಮಲಗುವ ಎಷ್ಟೋ ಜನರ ಫೋನು ರಾತ್ರಿ ಚಾರ್ಜ್ ಇಲ್ಲದೆ ಸತ್ತಿರುತ್ತದೆ.

ಕಂಪ್ಲಿ ಸೇತುವೆಯ ಇನ್ನೊಂದು ಮಾತು. ಅದು ಬಂದ್ ಆದರೆ ವ್ಯಾಪಾರ ಮಾತ್ರ ನಿಲ್ಲುವುದಿಲ್ಲ. ಕಂಪ್ಲಿ ಕಡೆಯಿಂದ ಹೆರಿಗೆಗೆ, ಹಾವು ಕಡಿತಕ್ಕೆ ಗಂಗಾವತಿ ಆಸ್ಪತ್ರೆಗೆ ಹೋಗುವವರಿದ್ದಾರೆ. ಆ ದಾರಿ ಮುಚ್ಚುತ್ತದೆ. ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಬೇಕು, ಇಲ್ಲವೇ ಹೊಸಪೇಟೆಗೋ ಬಳ್ಳಾರಿಗೋ ಹೋಗಬೇಕು. 108 ಆಂಬುಲೆನ್ಸು ಹೊಳೆಯ ಯಾವ ದಡದಲ್ಲಿ ನಿಂತಿದೆ ಎಂಬುದರ ಮೇಲೆ ಜೀವ ನಿಲ್ಲುತ್ತದೆ. ದಿನ ತುಂಬಿದ ಗರ್ಭಿಣಿಯರ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಯಾವಾಗಲೂ ಇರುತ್ತದೆ. ಹೊರಹರಿವು ಏರುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಅವರನ್ನು ಆಸ್ಪತ್ರೆ ಇರುವ ದಡಕ್ಕೆ ಸಾಗಿಸುವುದು, ಡಯಾಲಿಸಿಸ್ ಬೇಕಾದವರನ್ನು ಮೊದಲೇ ಕಳಿಸುವುದು, ಎರಡೂ ಕಡೆ ಒಂದೊಂದು ಆಂಬುಲೆನ್ಸ್ ನಿಲ್ಲಿಸುವುದು. ಈ ಮೂರು ಕೆಲಸಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ಮೊದಲೇ ನಿಶ್ಚಯ ಮಾಡಿಕೊಂಡಿರಬೇಕು.

ನೀರು ಇಳಿದ ಮೇಲೆ

ಹೊಳೆ ಇಳಿದ ಮೇಲೆ ಟಿವಿ ಕ್ಯಾಮೆರಾ ಹೋಗುತ್ತದೆ. ರೋಗ ಆಗಲೇ ಬರುವುದು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಈ ಭಾಗದ ಯಾರಿಗೂ ಮರೆಯುವಂಥದ್ದಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಮಣ್ಣಿನ ಮನೆಗಳು ಕುಸಿದವು. ಮಂತ್ರಾಲಯ ಮುಳುಗಿತು. ಊರಿಗೆ ಊರೇ ಸ್ಥಳಾಂತರವಾಗಿ 'ಆಸರೆ' ಮನೆಗಳು ಬಂದವು. ಮನೆಯ ಲೆಕ್ಕ ಬರೆದಷ್ಟು ಶ್ರದ್ಧೆಯಿಂದ ಕುಡಿಯುವ ನೀರಿನ ಲೆಕ್ಕ ಬರೆಯುವ ರೂಢಿ ನಮ್ಮಲ್ಲಿ ಈಗಲೂ ಬಂದಿಲ್ಲ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಜೂನಿನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್‌ನಿಂದ ಅಂಥದ್ದೇ ಸುದ್ದಿ ಬಂತು. ಆಗ ಪ್ರವಾಹವೇ ಇರಲಿಲ್ಲ. ಸಾಮಾನ್ಯ ದಿನದಲ್ಲೇ ನಮ್ಮ ಪೈಪುಗಳು ಇಷ್ಟು ಸೋಲುತ್ತವೆ ಎಂದರೆ, ಹೊಳೆ ಉಕ್ಕಿದ ದಿನ?

ಗೇಟುಗಳನ್ನು ಎತ್ತಿದಾಗ ಹೊಳೆಯ ನೀರು ಕೆಂಪಾಗುತ್ತದೆ. ಹೊಳೆಯಿಂದ ನೀರೆತ್ತುವ ದಂಡೆಯ ಬಾವಿಗಳಲ್ಲಿ (ಜಾಕ್‌ವೆಲ್) ಹೂಳು ತುಂಬುತ್ತದೆ. ಮೋಟಾರ್, ಟ್ರಾನ್ಸ್‌ಫಾರ್ಮರ್ ಮುಳುಗಿದರೆ ಬಹುಗ್ರಾಮ ಯೋಜನೆಯ ನೀರು ನಿಲ್ಲುತ್ತದೆ. ಪೈಪಿನಲ್ಲಿ ಒತ್ತಡ ಇಲ್ಲದ ಹೊತ್ತಿನಲ್ಲಿ, ಒಡೆದ ಜಾಯಿಂಟಿನಿಂದ ಚರಂಡಿ ನೀರು ಒಳಗೆ ಹೋಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಅದೇ ಬರುತ್ತದೆ. ವಾಂತಿ ಭೇದಿ ಶುರುವಾಗುವ ದಾರಿ ಇದು. ಅದಕ್ಕೇ ನೀರು ನಿಂತು ಮತ್ತೆ ಬಂದ ದಿನ ಮೊದಲ ನೀರನ್ನು ಹೊರಗೆ ಬಿಡಬೇಕು. ಬಳಿಕ ಬಂದದ್ದನ್ನೂ ಕುದಿಸಿಯೇ ಕುಡಿಯಬೇಕು. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.

ಬ್ಲೀಚಿಂಗ್ ಪೌಡರ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹೆಚ್ಚು ತಪ್ಪಾಗುವುದು. ಹೊಸ ಪೌಡರಿನಲ್ಲಿ ಸುಮಾರು ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ. ಚೀಲ ಒಡೆದು ಬಿಸಿಲಿಗೆ, ತೇವಕ್ಕೆ ಇಟ್ಟರೆ ಅದು ಹಾರಿಹೋಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಪಂಚಾಯಿತಿ ಗೋಡೌನಿನಲ್ಲಿ ಕಳೆದ ವರ್ಷದಿಂದ ಬಾಯಿ ತೆರೆದು ಬಿದ್ದ ಚೀಲ ಸುಮ್ನೆ ಸುಣ್ಣದ ಪುಡಿ ಇದ್ದ ಹಾಗೆ. ತಿಳಿ ನೀರಿಗೆ 1,000 ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ ಬೇಕು. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಆದರೆ ಕೆಂಪು ನೀರಿನಲ್ಲಿ ಮಣ್ಣು, ಕಸವೇ ಕ್ಲೋರಿನ್ ತಿಂದುಬಿಡುತ್ತದೆ. ಮೊದಲು ಆಲಂ (ಪಟಿಕ) ಹಾಕಿ ಮಣ್ಣು ಕೂರಿಸಿ, ಸೋಸಿ, ಆಮೇಲೆ ಪೌಡರ್. ಹಾಕಿದ ಒಂದು ಗಂಟೆಯ ನಂತರವೂ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊನೆಯ ಮನೆಯ ನಲ್ಲಿಯಲ್ಲಿ 0.2 ಆದರೂ ಇರಬೇಕು. ಇದನ್ನು ನೋಡಲು ಕ್ಲೋರೋಸ್ಕೋಪ್ ಸಾಕು. ನೀರಿಗೆ ಔಷಧಿ ಬಿಟ್ಟರೆ ಬಣ್ಣ ಬರುತ್ತದೆ, ಪಟ್ಟಿಯ ಜೊತೆ ಹೋಲಿಸಿದರೆ ಆಯಿತು. ಪರೀಕ್ಷೆ ಮಾಡಬೇಕಾದ್ದು ಟ್ಯಾಂಕಿನ ಬುಡದಲ್ಲಿ ಅಲ್ಲ, ಊರಿನ ಕೊನೆಯ ಕೇರಿಯಲ್ಲಿ. ಬಹಳ ಊರುಗಳಲ್ಲಿ ಆ ಕೊನೆಯ ಕೇರಿ ಯಾರದ್ದು ಎಂದು ನಮಗೆಲ್ಲ ಗೊತ್ತು. ಮೊದಲು ಕಾಯಿಲೆ ಬೀಳುವವರೂ ಅವರೇ.

ಈ ಕೆಲಸ ಮಾಡುವವರು ನೀರುಗಂಟಿಗಳು, ಅಂದರೆ ಊರಿಗೆ ನೀರು ಬಿಡುವವರು. ಸಂಬಳ ಕಡಿಮೆ, ಅದೂ ತಿಂಗಳುಗಟ್ಟಲೆ ತಡ. ಒಂದು ಊರಿನ ಜೀವ ಅವರ ಕೈಯಲ್ಲಿದೆ. ಅವರಿಗೆ ತರಬೇತಿ, ಕೈಗವಸು, ತೂಕದ ತಕ್ಕಡಿ, ಸಮಯಕ್ಕೆ ಸಂಬಳ ಕೊಡದೆ ಸಾರ್ವಜನಿಕ ಆರೋಗ್ಯದ ಮಾತಾಡುವುದು ಅನ್ಯಾಯ.

ಒಂದೇ ಓಣಿಯಲ್ಲಿ ಒಂದೇ ದಿನ ಮೂರ್ನಾಲ್ಕು ಮನೆಗಳಲ್ಲಿ ಭೇದಿ ಕಂಡರೆ ಅಂದೇ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ನಲ್ಲಿಯ ನೀರನ್ನು ಅಂದೇ ನಿಲ್ಲಿಸಬೇಕು. ಹೆಸರು ಕೆಡುತ್ತದೆ ಎಂದು ಎರಡು ದಿನ ಮುಚ್ಚಿಟ್ಟರೆ ಅದಕ್ಕೆ ಬೆಲೆ ತೆರುವವರು ಮಕ್ಕಳು ಮತ್ತು ಮುದುಕರು. ಒಂದು ಲೀಟರಿನ ಒಆರ್‌ಎಸ್ ಪ್ಯಾಕೆಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಬೇಕು, ಒಂದು ಲೋಟಕ್ಕೆ ಕಲಸಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಮಕ್ಕಳಿಗೆ ಭೇದಿ ನಿಂತ ಮೇಲೂ ಸೇರಿ ಒಟ್ಟು 14 ದಿನ ಜಿಂಕ್ ಮಾತ್ರೆ ಕೊಡಬೇಕು. ಅಕ್ಕಿ ತೊಳೆದ ನೀರಿನಂತೆ ಭೇದಿಯಾದರೆ ಕಾಯಬೇಡಿ, ಕಾಲರಾ ಇರಬಹುದು, ನೇರ ಆಸ್ಪತ್ರೆ.

ಇದೇ ತಯಾರಿ, ಇದೇ ಜನ ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆಗೂ ಬೇಕು. ತಗಡು ಹಾರಿ, ಕಂಬ ಬಿದ್ದು, ಎರಡು ದಿನ ಕರೆಂಟ್ ಇಲ್ಲದಿದ್ದರೆ ಬೋರ್‌ವೆಲ್ ನಿಲ್ಲುತ್ತದೆ, ಮತ್ತೆ ಅದೇ ನೀರಿನ ಕಥೆ. ಸಿಡಿಲಿಗಂತೂ ನಮ್ಮ ಬಯಲಿನಲ್ಲಿ ಅಡ್ಡ ಏನೂ ಇಲ್ಲ. ಕುರಿಗಾಹಿಗಳ ಫೋನಿನಲ್ಲಿ ದಾಮಿನಿ ಆಪ್ ಹಾಕಿಕೊಡಿ. ಸುತ್ತಲಿನ ಸಿಡಿಲಿನ ಎಚ್ಚರಿಕೆ ಅದರಲ್ಲಿ ಬರುತ್ತದೆ.

ಆಮೇಲೆ ಏನಾಯಿತು

ಗೇಟುಗಳ ಪರೀಕ್ಷೆ ನಡೆಯಿತು. ಎಲ್ಲ 33 ಗೇಟುಗಳನ್ನೂ ಬದಲಿಸಬೇಕು ಎಂಬ ತೀರ್ಮಾನವಾಯಿತು. 2025ರ ಮಳೆಗಾಲದಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿ ಮಟ್ಟಕ್ಕೆ ಮಿತಿಗೊಳಿಸಿದರು. ಮೊದಲು 133 ಟಿಎಂಸಿ ಇದ್ದ ಡ್ಯಾಂ ಹೂಳಿನಿಂದ 105ಕ್ಕೆ ಇಳಿದಿತ್ತು. ಗೇಟಿನ ಕಾರಣಕ್ಕೆ ಇನ್ನೂ ಇಳಿಯಿತು. ರೈತರಿಗೆ ಇದು ನೇರ ನಷ್ಟ, ಆ ಸಿಟ್ಟು ನ್ಯಾಯವಾದದ್ದು. ಆದರೆ ದುರ್ಬಲ ಗೇಟಿನ ಹಿಂದೆ ಪೂರ್ತಿ ನೀರು ನಿಲ್ಲಿಸದೆ ಇದ್ದದ್ದು ಸರಿಯಾದ ನಿರ್ಧಾರ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಗಡುವು ಇದೆ, ಅದರ ಬಗ್ಗೆ ಊರುಗಳಲ್ಲಿ ಮಾತೇ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಂದು ಜಾರಿಗೆ ಬಂತು. ಹಳೆಯ ಡ್ಯಾಮುಗಳಿಗೂ ತುರ್ತು ಕ್ರಿಯಾ ಯೋಜನೆ ಮಾಡಲು ಅದು ಐದು ವರ್ಷ ಕೊಟ್ಟಿದೆ. ಡ್ಯಾಂ ಒಡೆದರೆ ಅಥವಾ ಏಕಾಏಕಿ ನೀರು ಬಿಟ್ಟರೆ ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ಎಷ್ಟು ನೀರು, ಯಾರು ಯಾರಿಗೆ ಹೇಳಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಐದು ವರ್ಷ ತುಂಬುವುದು 2026ರ ಡಿಸೆಂಬರ್ ಕೊನೆಗೆ. ಹುಲಿಗಿ, ಸಾಣಾಪುರ, ಆನೆಗೊಂದಿ, ಕಂಪ್ಲಿ ಕೋಟೆ, ಸಿರುಗುಪ್ಪದ ದಂಡೆಯ ಊರುಗಳು, ಮಾನ್ವಿ, ರಾಯಚೂರು ತಾಲೂಕಿನ ಕೊನೆಯ ಹಳ್ಳಿಯವರೆಗೆ ಎಲ್ಲರೂ ಗ್ರಾಮಸಭೆಯಲ್ಲಿ ಈ ಯೋಜನೆಯ ಕನ್ನಡ ಪ್ರತಿ ಕೇಳಬೇಕು. ನಮ್ಮೂರಿನ ಹೆಸರು ಅದರಲ್ಲಿದೆಯೇ, ನಮ್ಮೂರಿಗೆ ಎಷ್ಟು ಗಂಟೆ ಎಂದು ಬರೆದಿದ್ದಾರೆ, ಎಚ್ಚರಿಕೆ ತಲುಪಿಸುವ ಮನುಷ್ಯ ಯಾರು, ಅವನಿಗೆ ಆ ವಿಷಯ ಗೊತ್ತಿದೆಯೇ ಎಂದು ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.